ಮಂಗಳವಾರದ ಕತ್ತಿಗಳು

ನಮ್ಮ ಕಡೆ ಕ್ಷೌರದಂಗಡಿಗಳಿಗೆ ಮಂಗಳವಾರ ರಜೆ. ಅಂಗಡಿಯವರು ಆ ದಿನ ಹೊತ್ತೇರುವವರೆಗೆ ಮಲಗುತ್ತಿದ್ದರು, ಇಲ್ಲವೇ ಹೆಂಡತಿಯ ತವರಿಗೆ ಹೋಗಿ ಬರುತ್ತಿದ್ದರು. ನನಗೆ ಮಾತ್ರ ಅದೇ ಕೆಲಸದ ದಿನ. ಸೋಮವಾರ ಸಂಜೆ ಕಾಪು, ಉಡುಪಿ, ಹಿರಿಯಡ್ಕ, ಕಾರ್ಕಳದ ಅಂಗಡಿಗಳ ಕತ್ತಿಗಳು ಬಟ್ಟೆಯಲ್ಲಿ ಸುತ್ತಿಸಿಕೊಂಡು ನಮ್ಮ ಮನೆಗೆ ಬರುತ್ತಿದ್ದವು. ಹತ್ತಿರದವರು ತಾವೇ ತಂದುಕೊಡುತ್ತಿದ್ದರು, ದೂರದವರು ಬಸ್ಸಿನ ಕಂಡಕ್ಟರ ಕೈಯಲ್ಲಿ ಕಳಿಸುತ್ತಿದ್ದರು. ಬುಧವಾರ ಬೆಳಿಗ್ಗೆ ಮೊದಲ ಬಸ್ಸಿಗೆ ಅವು ಹಿಂದೆ ಹೋಗಬೇಕು. ನಡುವಿನ ಒಂದು ಹಗಲಿನಲ್ಲಿ ಅಷ್ಟನ್ನೂ ಮಸೆದು ಮುಗಿಸುವುದು ನನ್ನ ಕೆಲಸವಾಗಿತ್ತು. ನಾನು ಒಬ್ಬರ ಮುಖಕ್ಕೂ ಕತ್ತಿ ತಾಗಿಸಿದವಳಲ್ಲ. ಕತ್ತಿ ಮಸೆಯುತ್ತಲೇ ಮುದುಕಿಯಾದವಳು.

ಮೊನ್ನೆ ಮಣಿಪಾಲದ ಸೆಲೂನೊಂದರಲ್ಲಿ ಕೆಲಸ ಮಾಡುವ ಪ್ರಜ್ವಲ್ ಎಂಬ ಯುವಕ ನಮ್ಮ ಮನೆ ಹುಡುಕಿಕೊಂಡು ಬಂದ. ಬ್ಲೇಡ್ ಸಿಕ್ಕಿಸುವ ಕತ್ತಿ ಬೇಡ, ಹಳೆಯ ಕಾಲದ ಕತ್ತಿಯಲ್ಲೇ ಶೇವ್ ಮಾಡಬೇಕು ಎನ್ನುವ ಗಿರಾಕಿಗಳು ಈಗ ಅಲ್ಲಿ ಹುಟ್ಟಿಕೊಂಡಿದ್ದಾರಂತೆ. ಅಲೆವೂರಿನ ಒಬ್ಬ ಹಿರಿಯ ಕ್ಷೌರಿಕರು ನನ್ನ ಹೆಸರು ಹೇಳಿದ್ದರಂತೆ. "ಅಜ್ಜಿ, ನೀವು ಒಮ್ಮೆ ಮಸೆದು ತೋರಿಸಿದ್ರೆ ಸಾಕು, ನಾನು ವೀಡಿಯೊ ಮಾಡಿಕೊಳ್ತೇನೆ" ಎಂದ. "ವೀಡಿಯೊ ಎಲ್ಲ ಬೇಡ ಮಗಾ, ಬರೆದು ಕೊಡ್ತೇನೆ" ಎಂದೆ. ಎಂಟನೆಯ ತರಗತಿಯವರೆಗೆ ಓದಿದವಳು ನಾನು, ಪೇಪರನ್ನು ಮೊದಲಿನಿಂದ ಕೊನೆಯವರೆಗೆ ಓದುವ ಚಟವೂ ಉಂಟು, ಬರೆಯಲು ಬರದೆ ಏನು? ಕೆಲಸ ಹೇಗೆ ಎಂಬುದನ್ನು ಮೊದಲು ಬರೆಯುತ್ತೇನೆ. ಯಾಕೆ ಬಿಟ್ಟೆ ಎಂಬುದನ್ನೂ ಬರೆಯುತ್ತೇನೆ, ಏಕೆಂದರೆ ಅದೂ ಈ ಕೆಲಸದ್ದೇ ಪಾಠ. ಅದು ನನ್ನ ಅಣ್ಣ ಸಂಜೀವನ ಕೈಯ ಕಥೆ. ಆ ಕೈಯ ಮರ್ಯಾದೆ ಉಳಿಸಬೇಕೋ, ಅದರ ಕೆಳಗೆ ತಲೆ ಒಡ್ಡಿದವರ ಚರ್ಮ ಉಳಿಸಬೇಕೋ ಎಂಬ ಕಷ್ಟ ನನ್ನ ಪಾಲಿಗೆ ಬಂದಿತ್ತು. ಅಣ್ಣನೂ ಅತ್ತಿಗೆಯೂ ಈಗ ಇಲ್ಲ, ಅವರಿಗೆ ಮಕ್ಕಳೂ ಇರಲಿಲ್ಲ. ಹೇಳಿದರೆ ನೋಯುವವಳು ನಾನೊಬ್ಬಳೇ.

ಅಪ್ಪನ ಅಂಗಡಿ ಕಾಪು ಪೇಟೆಯಲ್ಲಿತ್ತು. ಅಣ್ಣ ಅಲ್ಲಿಯೇ ಕೆಲಸ ಕಲಿತ. ಮುಖದ ಮೇಲೆ ಅವನ ಕೈ ಎಷ್ಟು ಹಗುರವೆಂದರೆ ಗಿರಾಕಿಗಳು ಕುರ್ಚಿಯಲ್ಲೇ ಗೊರಕೆ ಹೊಡೆಯುತ್ತಿದ್ದರು. ಆದರೆ ಕಲ್ಲಿನ ಮುಂದೆ ಕೂರುವ ತಾಳ್ಮೆ ಅವನಿಗೆ ಇರಲಿಲ್ಲ. ನಾಲ್ಕು ಸಲ ಎಳೆದು "ಆಯ್ತಲ್ಲ" ಎಂದು ಎದ್ದುಬಿಡುತ್ತಿದ್ದ. ಆ ಸಮಯದಲ್ಲಿ ನಾನು ಮದುವೆಯಾದ ಸ್ವಲ್ಪದರಲ್ಲೇ ಗಂಡನನ್ನು ಕಳೆದುಕೊಂಡು ತವರಿಗೆ ಬಂದಿದ್ದೆ. ಅಕ್ಕಪಕ್ಕದ ಹೆಂಗಸರಂತೆ ಬೀಡಿ ಕಟ್ಟಲು ಕೂತಿದ್ದೆ. ಒಂದು ಮಂಗಳವಾರ ಅಪ್ಪ ಜಗಲಿಯಲ್ಲಿ ಕತ್ತಿ ಮಸೆಯುತ್ತಿದ್ದಾಗ ಯಾರೋ ಕರೆದರು. "ಇದನ್ನು ಸ್ವಲ್ಪ ನೋಡಿಕೋ" ಎಂದು ನನಗೆ ಹೇಳಿ ಹೋದರು. ನೋಡಿಕೊಳ್ಳುವುದೆಂದರೆ ಏನೆಂದು ತಿಳಿಯದೆ ನಾನು ಅವರು ಮಾಡುತ್ತಿದ್ದುದನ್ನೇ ಮುಂದುವರಿಸಿದೆ. ಹಿಂದೆ ಬಂದು ಕತ್ತಿಯ ಬಾಯಿಯನ್ನು ಬೆಳಕಿಗೆ ಹಿಡಿದು ನೋಡಿದರು, ಒಳ್ಳೆಯದೆಂದೂ ಹೇಳಲಿಲ್ಲ, ಕೆಟ್ಟದೆಂದೂ ಹೇಳಲಿಲ್ಲ. ಮುಂದಿನ ಮಂಗಳವಾರ ಎಲ್ಲ ಕತ್ತಿಗಳನ್ನೂ ನನ್ನ ಮುಂದೆ ಇಟ್ಟರು. ನನ್ನ ನೇಮಕಾತಿ ಆದದ್ದು ಹಾಗೆ.

ಈಗ ಕೆಲಸ ಕೇಳು ಪ್ರಜ್ವಲ್. ಕತ್ತಿಯನ್ನು ಕಲ್ಲಿನ ಮೇಲೆ ಚಪ್ಪಟೆಯಾಗಿ ಮಲಗಿಸಬೇಕು. ಬೆನ್ನೂ ಬಾಯಿಯೂ ಒಟ್ಟಿಗೆ ಕಲ್ಲಿಗೆ ತಾಗಿರಬೇಕು. ಬಾಯಿ ಮುಂದಾಗಿ ತಳ್ಳಿ, ಕಲ್ಲಿನ ಕೊನೆ ಬಂದಾಗ ಬೆನ್ನಿನ ಮೇಲೆ ಹೊರಳಿಸಿ, ಇನ್ನೊಂದು ಮೈಯನ್ನು ಹಿಂದಕ್ಕೆ ತರಬೇಕು. ಬಾಯಿಯ ಮೇಲೆ ಹೊರಳಿಸಿದರೆ ಅಷ್ಟೂ ಕೆಲಸ ನೀರಿಗೆ ಹೋಯಿತೆಂದೇ ಲೆಕ್ಕ. ಮೊದಲು ಒರಟು ಕಲ್ಲು, ಆಮೇಲೆ ನಯದ ಕಲ್ಲು. ನಯದ ಕಲ್ಲಿನ ಮೇಲೆ ನೀರು ಹಾಕಿ ಅದೇ ಜಾತಿಯ ಕಲ್ಲಿನ ಚೂರಿನಿಂದ ಉಜ್ಜಿದರೆ ತೆಳುವಾದ ಕೆಸರು ಏಳುತ್ತದೆ. ಆ ಕೆಸರಿನಲ್ಲಿ ಮಸೆಯುತ್ತಾ, ಹನಿ ಹನಿ ನೀರು ಸೇರಿಸುತ್ತಾ ಅದನ್ನು ತಿಳಿಯಾಗಿಸಿಕೊಂಡು ಹೋಗಬೇಕು. ಕೊನೆಗೆ ಬರೀ ನೀರು ಉಳಿಯುತ್ತದೆ. ಆಗ ಕಲ್ಲು ಕತ್ತಿಯನ್ನು ಮೆಲ್ಲಗೆ ಹಿಡಿದುಕೊಂಡ ಹಾಗೆ ಕೈಗೆ ತಿಳಿಯುತ್ತದೆ. ಅಲ್ಲಿಗೆ ನಿಲ್ಲಿಸಿ ಚರ್ಮದ ಪಟ್ಟಿಗೆ ಎಳೆಯಬೇಕು. ಭಾರ ಹಾಕಬಾರದು. "ಕತ್ತಿಗೆ ಅದರ ಭಾರ ಉಂಟು, ನಿನ್ನದು ಬೇಡ" ಎಂದು ಅಪ್ಪ ದಿನವೂ ಗದರುತ್ತಿದ್ದರು.

ನಿಲ್ಲಿಸಬೇಕಾದಲ್ಲಿ ನಿಲ್ಲಿಸದಿರುವುದು ಹೊಸಬರು ಮಾಡುವ ದೊಡ್ಡ ತಪ್ಪು. ನಾನೂ ಮಾಡಿದ್ದೇನೆ. ಉಡುಪಿಯ ಒಬ್ಬ ಅಂಗಡಿಯವರ ಕತ್ತಿಯನ್ನು ಇನ್ನೂ ಹರಿತ ಮಾಡುವ ಆಸೆಗೆ ಬಿದ್ದು ಮಸೆದದ್ದೇ ಮಸೆದದ್ದು. ಹಾಗೆ ಮಾಡಿದರೆ ಬಾಯಿಯ ಅಂಚು ಕಣ್ಣಿಗೆ ಕಾಣದ ಎಳೆಯಾಗಿ ನಿಲ್ಲುತ್ತದೆ. ಮೊದಲ ಗಿರಾಕಿಗೆ ಬೆಣ್ಣೆಯಂತೆ ಹೋಯಿತಂತೆ. ಎರಡನೆಯವರ ಕೆನ್ನೆಯಲ್ಲಿ ಆ ಎಳೆ ಮುರಿದು ಕತ್ತಿ ಗರಗಸವಾಯಿತು. ಅಂಗಡಿಯವರು ಕಂಡಕ್ಟರ ಕೈಯಲ್ಲೇ ಬೈಗುಳವನ್ನೂ ಕಳಿಸಿದರು. ಪಾಪ, ಆ ಕಂಡಕ್ಟರು ಅದನ್ನು ಒಂದಕ್ಷರ ಬಿಡದೆ ನನಗೆ ತಲುಪಿಸಿದ. ಅಪ್ಪ ಅದನ್ನು ಕೇಳಿ ನಕ್ಕುಬಿಟ್ಟರು. ಅವರು ನಕ್ಕದ್ದು ನೆನಪಿರುವುದು ಕಡಿಮೆ, ಹಾಗಾಗಿ ಇದನ್ನು ಬರೆದೆ.

ಕಲ್ಲಿನ ವಿಷಯದಲ್ಲಿ ಮಾತ್ರ ಅವರು ನಗುವವರಲ್ಲ. ಮನೆಯಲ್ಲಿ ಬೊಂಬಾಯಿಯಿಂದ ತಂದ ಒಂದು ಹಳದಿ ಕಲ್ಲಿತ್ತು. ಕೊನೆಯ ನಯ ಬರುತ್ತಿದ್ದುದು ಅದರಲ್ಲೇ. ಅತ್ತಿಗೆ ವಾರಿಜ ಮದುವೆಯಾಗಿ ಬಂದ ಮೊದಲ ವರ್ಷ, ಆಯುಧ ಪೂಜೆಗೆ ಕತ್ತಿ, ಕತ್ತರಿಗಳನ್ನೆಲ್ಲ ತೊಳೆದು ಮಣೆಯ ಮೇಲೆ ಇಡುವ ಕೆಲಸ ಅವಳಿಗೆ ಬಂತು. ಕಬ್ಬಿಣಕ್ಕೆ ತುಕ್ಕು ಹಿಡಿಯದಂತೆ ತೆಂಗಿನೆಣ್ಣೆ ಸವರುವುದು ಕ್ರಮ. ಅವಳು ಭಕ್ತಿಯಿಂದ ಕಲ್ಲಿಗೂ ಧಾರಾಳವಾಗಿ ಸವರಿ, ಮೇಲೆ ಕುಂಕುಮ ಇಟ್ಟಳು. ನೀರಿನ ಕಲ್ಲಿಗೆ ಎಣ್ಣೆ ಬೀಳಬಾರದು. ಒಮ್ಮೆ ಎಣ್ಣೆ ಕುಡಿದರೆ ಅದರ ಮೇಲೆ ನೀರು ನಿಲ್ಲುವುದಿಲ್ಲ, ಕೆಸರು ಏಳುವುದಿಲ್ಲ, ಕತ್ತಿ ಜಾರುತ್ತದೆ. ಬೂದಿ ಹಾಕಿ ತಿಕ್ಕಿದೆವು, ಅಂಟುವಾಳದ ನೊರೆಯಲ್ಲಿ ನೆನೆಸಿದೆವು, ಬಿಸಿಲಿಗೆ ಇಟ್ಟೆವು. ಏನೂ ಪ್ರಯೋಜನವಾಗಲಿಲ್ಲ. ಅಪ್ಪ ಮನೆ ಹಾರಿಹೋಗುವಂತೆ ಕೂಗಿದಾಗ ಅಣ್ಣ ಎದುರು ನಿಂತು, "ಎಣ್ಣೆ ಹಾಕಿದ್ದು ನಾನು. ಬೈಯುದಿದ್ರೆ ನನಗೆ ಬೈಯಿರಿ" ಎಂದ. ಅಪ್ಪನಿಗೂ ನಿಜ ಗೊತ್ತಿತ್ತು. ಆದರೂ ಸುಮ್ಮನಾದರು. ಅಣ್ಣ ಅಂಥವನಾಗಿದ್ದ ಎಂಬುದನ್ನು ಹೇಳಲೇಬೇಕು, ಮುಂದೆ ನಾನು ಅವನ ಬಗ್ಗೆ ಬರೆಯುವುದು ಕಹಿಯಾಗಿದೆ.

ಆ ವರ್ಷ ಮಳೆ ಪೂರ್ತಿ ನಿಂತ ಮೇಲೆ ಅಪ್ಪ ಮತ್ತು ನಾನು ಕಲ್ಲು ಹುಡುಕಲು ಹೊರಟೆವು. ಕಾರ್ಕಳದಲ್ಲಿ ವಿಗ್ರಹ ಕೆತ್ತುವವರ ಅಂಗಳದಲ್ಲಿ ಬಿದ್ದಿದ್ದ ಚಕ್ಕೆಗಳನ್ನು ನೋಡಿದೆವು. ಅವು ಗಟ್ಟಿಯೇನೋ ಹೌದು, ಆದರೆ ಕಣ ದೊಡ್ಡದು. ಹಿರಿಯಡ್ಕದ ಹತ್ತಿರ ಹೊಳೆ ಇಳಿದ ಜಾಗದಲ್ಲಿ ಬಗ್ಗಿ ಬಗ್ಗಿ ನಡೆದೆವು. ಅಪ್ಪ ಒಂದೊಂದು ಕಲ್ಲನ್ನೂ ಒದ್ದೆ ಮಾಡಿ ಎಷ್ಟು ಬೇಗ ಒಣಗುತ್ತದೆ ಎಂದು ನೋಡುತ್ತಿದ್ದರು. ಬೇಗ ಒಣಗಿದರೆ ಅದು ನೀರು ಕುಡಿಯುವ ಕಲ್ಲು, ಬೇಡ. ಬೆರಳಿನಿಂದ ತಟ್ಟಿ ಸದ್ದು ಕೇಳುತ್ತಿದ್ದರು, ಕೊನೆಗೆ ನಾಲಿಗೆಗೂ ತಾಗಿಸುತ್ತಿದ್ದರು. ಬಟ್ಟೆ ಒಗೆಯಲು ಬಂದ ಹೆಂಗಸರು ಇವರಿಗೆ ಹುಚ್ಚು ಎಂದುಕೊಂಡಿರಬೇಕು. ಹೀಗೆ ಸಿಕ್ಕಿದ್ದು ಒಂದು ಕಪ್ಪು ಹೊಳೆಕಲ್ಲು. ಅದನ್ನು ಒರಟು ಕಲ್ಲಿನ ಮೇಲೆ ಉಜ್ಜಿ ಉಜ್ಜಿ ಸಮತಟ್ಟು ಮಾಡಲು ಒಂದು ಬೇಸಿಗೆಯೇ ಹೋಯಿತು. ಅದರ ನಯ ಹಳದಿ ಕಲ್ಲಿಗಿಂತಲೂ ಮೆತ್ತಗಿತ್ತು. ಆಮೇಲೆ ನನ್ನ ಕೈಯಿಂದ ಹೋದ ಕತ್ತಿಗಳೆಲ್ಲ ಆ ಕಲ್ಲಿನಲ್ಲೇ ಮುಗಿದವು.

ಕೆಲವು ವರ್ಷ ಕಳೆದ ಮೇಲೆ ನನಗೆ ಇನ್ನೊಂದು ವಿದ್ಯೆ ಬಂತು. ಯಾರೂ ಕಲಿಸಿದ್ದಲ್ಲ. ಕತ್ತಿ ಸವೆದ ರೀತಿ ನೋಡಿ ಹಿಡಿದವರ ಕೈ ಹೇಗಿದೆ ಎಂದು ತಿಳಿಯುತ್ತಿತ್ತು. ಒತ್ತಿ ಹಿಡಿಯುವವನ ಕತ್ತಿ ಹಿಡಿಯ ಕಡೆ ಮೊಂಡಾಗುತ್ತದೆ. ಅವಸರದವನದು ತುದಿಯಲ್ಲಿ. ಕಾರ್ಕಳದ ಒಬ್ಬರ ಕತ್ತಿಯಲ್ಲಿ ಪ್ರತಿ ವಾರ ನಡುವೆ ಒಂದೇ ಜಾಗದಲ್ಲಿ ಕಚ್ಚು ಇರುತ್ತಿತ್ತು. ವಿಚಾರಿಸಿದರೆ ಆ ಪುಣ್ಯಾತ್ಮ ಅದರಲ್ಲೇ ಹಾಲಿನ ಪ್ಯಾಕೆಟ್ ಕತ್ತರಿಸುತ್ತಿದ್ದರು. ನನಗೆ ಮುಖ ಗೊತ್ತಿಲ್ಲದ ಎಷ್ಟೋ ಜನರ ಕೈ ಗೊತ್ತಿತ್ತು.

ಅಷ್ಟರಲ್ಲಿ ಅರ್ಧ ಬ್ಲೇಡಿನ ಕಾಲ ಬಂತು. ಬ್ಲೇಡನ್ನು ಮುರಿದು ಅರ್ಧವನ್ನು ಹಿಡಿಗೆ ಸಿಕ್ಕಿಸುವುದು, ಒಬ್ಬರದು ಮುಗಿದ ಮೇಲೆ ಎಸೆಯುವುದು. ರಕ್ತದಿಂದ ಹರಡುವ ರೋಗಗಳ ಭಯ ಜನರಿಗೆ ಹತ್ತಿತ್ತು. ಅದು ಸರಿಯಾದ ಭಯವೇ, ನಾನು ಅದನ್ನು ತಪ್ಪೆನ್ನುವುದಿಲ್ಲ. ಪ್ರಜ್ವಲ್, ನೀನೂ ಅದನ್ನು ಮರೆಯಬೇಡ, ಪ್ರತಿ ಗಿರಾಕಿಗೂ ಕತ್ತಿಯನ್ನು ಶುದ್ಧ ಮಾಡು. ಉಡುಪಿಯ ಕತ್ತಿಗಳು ಮೊದಲು ನಿಂತವು, ಆಮೇಲೆ ಉಳಿದ ಊರಿನವೂ ಒಂದೊಂದಾಗಿ ನಿಂತವು. ಅಪ್ಪ ಅದನ್ನು ನೋಡುವ ಮೊದಲೇ ತೀರಿಕೊಂಡಿದ್ದರು. ಕೊನೆಗೆ ಉಳಿದದ್ದು ಅಲ್ಲೊಂದು ಇಲ್ಲೊಂದು ಹಟದ ಅಂಗಡಿ ಮತ್ತು ನನ್ನ ಅಣ್ಣ. "ಪ್ಲಾಸ್ಟಿಕ್ ಹಿಡಿ ಹಿಡ್ಕೊಂಡು ಮುಖ ಕೆರೆಯಲಿಕ್ಕೆ ನನ್ನಿಂದಾಗುದಿಲ್ಲ" ಎನ್ನುತ್ತಿದ್ದ. ಗಿರಾಕಿಗಳು ಕಡಿಮೆಯಾದರು. ಇದ್ದವರು ಅವನ ಕೈಗೆ ಮುಖ ಒಪ್ಪಿಸಿ ಅಭ್ಯಾಸವಾದ ಹಿರಿಯರು. ಅವನು ಆಗ ಅತ್ತಿಗೆಯೊಡನೆ ಪೇಟೆಯ ಹತ್ತಿರ ಬೇರೆ ಮನೆ ಮಾಡಿದ್ದ. ನಾನು ಅಪ್ಪನ ಮನೆಯಲ್ಲಿ ಒಬ್ಬಳೇ ಇದ್ದೆ.

ಒಂದು ಮಂಗಳವಾರ ಅಣ್ಣನ ಕತ್ತಿಯನ್ನು ಬೆಳಕಿಗೆ ಹಿಡಿದಾಗ ತುದಿಯಲ್ಲಿ ಸಣ್ಣ ಸಣ್ಣ ಕಚ್ಚುಗಳು ಕಂಡವು. ಎಲ್ಲಿಯೋ ತಾಗಿರಬೇಕೆಂದು ತೆಗೆದೆ. ಮುಂದಿನ ವಾರ ಮತ್ತೆ ಇದ್ದವು. ಜೊತೆಗೆ ಬಾಯಿ ಉದ್ದಕ್ಕೂ ಒಂದೇ ತೆರನಾಗಿ ಸವೆಯದೆ ಅಲ್ಲಲ್ಲಿ ಮೊಂಡಾಗಿತ್ತು. ಅಣ್ಣನ ಕತ್ತಿ ಅಷ್ಟು ವರ್ಷ ಹಾಗೆ ಬಂದದ್ದೇ ಇಲ್ಲ. ನನಗೆ ಆಗಲೇ ಗೊತ್ತಾಯಿತು. ನಂಬಲು ಮನಸ್ಸಾಗದೆ, ಪೇಟೆಗೆ ಸಾಮಾನು ತರುವ ನೆಪದಲ್ಲಿ ಅಂಗಡಿಗೆ ಹೋಗಿ ಬೆಂಚಿನ ಮೇಲೆ ಕೂತೆ. ಕುರ್ಚಿಯಲ್ಲಿ ಅಬ್ದುಲ್ಲ ಬ್ಯಾರಿಗಳಿದ್ದರು. ಬಟ್ಟೆ ವ್ಯಾಪಾರ ಮಾಡುತ್ತಿದ್ದವರು, ಅಪ್ಪನ ಕಾಲದಿಂದ ನಮ್ಮ ಅಂಗಡಿಗೇ ಬರುವವರು. ಅಣ್ಣ ಮಣಿಕಟ್ಟನ್ನು ಅವರ ಕೆನ್ನೆಯ ಎಲುಬಿಗೆ ಊರಿಕೊಂಡು ಕತ್ತಿ ಓಡಿಸುತ್ತಿದ್ದ. ಅವನು ಮುಖದ ಮೇಲೆ ಕೈ ಊರಿದವನೇ ಅಲ್ಲ. ಕತ್ತಿ ಕೆಳಗಿಟ್ಟು ಟವೆಲ್ ತೆಗೆಯುವಾಗ ಬಲಗೈಯ ಹೆಬ್ಬೆರಳು ತೋರುಬೆರಳಿನ ಮೇಲೆ ತನ್ನಷ್ಟಕ್ಕೇ ಓಡಾಡುತ್ತಿತ್ತು, ಬೀಡಿ ಸುತ್ತುವ ಹಾಗೆ. ನನ್ನನ್ನು ನೋಡಿ ಆ ಕೈಯನ್ನು ಟವೆಲಿನ ಒಳಗೆ ಹಾಕಿದ.

ಅವನು ಹೊರಗೆ ಬಂದಾಗ ನಾನು, "ಅಣ್ಣ, ಕೈಗೆ ಎಂತಾದ್ರೂ ಆಗಿದೆಯಾ?" ಎಂದೆ.

"ನನ್ನ ಕೈಗೆ ಎಂತ ಆಗ್ಲಿಕ್ಕೆ? ನಿನ್ನ ಕತ್ತಿಯೇ ಈಗ ಸರಿ ಇಲ್ಲ. ಎಳೆಯುತ್ತದೆ" ಎಂದ.

ನಾವು ಮನೆಯವರು ಮಾತಾಡುವುದು ತುಳುವಿನಲ್ಲಿ. ತುಳುವಿನಲ್ಲಿ ಆ ಮಾತು ಇನ್ನೂ ಚುಚ್ಚುತ್ತದೆ. ನನಗೆ ಅಳು ಬಂತು, ಸಿಟ್ಟೂ ಬಂತು. ಮನೆಗೆ ಬಂದು ಯೋಚಿಸಿದೆ. ನಡುಗುವ ಕೈಗೆ ಎಂಥ ಕತ್ತಿ ಕೊಡಬೇಕು? ಈ ಪ್ರಶ್ನೆಯನ್ನು ಅಪ್ಪ ನನಗೆ ಕಲಿಸಿರಲಿಲ್ಲ. ಸ್ವಲ್ಪ ಮೊಂಡು ಬಿಟ್ಟರೆ ಕತ್ತಿ ಕೂದಲನ್ನು ಎಳೆಯುತ್ತದೆ, ಅವನು ಒತ್ತುತ್ತಾನೆ, ಒತ್ತಿದರೆ ಗಾಯ. ಪೂರ್ತಿ ಹರಿತ ಮಾಡಿದರೆ ಒತ್ತುವುದು ಬೇಡ ನಿಜ, ಆದರೆ ಕೈ ಒಮ್ಮೆ ಹಾರಿದರೆ ಸಾಕು. ಅರ್ಧ ಬ್ಲೇಡಾದರೂ ಅಷ್ಟೇ. ಎರಡನ್ನೂ ಮಾಡಿ ನೋಡಿದೆ. ಒಂದು ವಾರ ಹೊಳೆಕಲ್ಲಿಗೆ ಹೋಗುವ ಮೊದಲೇ ನಿಲ್ಲಿಸಿದೆ. ಆ ವಾರ ಬ್ಯಾರಿಗಳ ಕೆನ್ನೆಯಲ್ಲಿ ರಕ್ತ ನಿಲ್ಲಲು ಉಜ್ಜಿದ ಪಟಿಕದ ಬಿಳಿ ಗುರುತು ಕಂಡಿತು. ಇನ್ನೊಂದು ವಾರ ನನಗೆ ಬರುವಷ್ಟು ನಯ ಮಾಡಿ ಕೊಟ್ಟೆ. ಆಗ ದವಡೆಯ ಕೆಳಗೆ ಕೊಯ್ದು ಅಂಗಿಯ ಕಾಲರ್ ಒದ್ದೆಯಾಗುವಷ್ಟು ರಕ್ತ ಬಂತಂತೆ. ಬ್ಯಾರಿಗಳು ದೊಡ್ಡ ಮನುಷ್ಯ. "ನನ್ನ ಚರ್ಮ ಹಳತಾಯ್ತು ಸಂಜೀವ, ನೀನೆಂತ ಮಾಡುದು" ಎಂದು ಹೇಳಿ ಎದ್ದು ಹೋದರು. ಆದರೆ ಮುಂದಿನ ವಾರ ಮತ್ತೆ ಅದೇ ಕುರ್ಚಿಗೆ ಬಂದು ಕೂತರು. ಅದನ್ನು ಕೇಳಿ ನನಗೆ ಹೆದರಿಕೆ ಹೆಚ್ಚಾಯಿತು.

ಸ್ವಲ್ಪ ಸಮಯದಲ್ಲಿ ಬ್ಯಾರಿಗಳಿಗೆ ಮೊಮ್ಮಗ ಹುಟ್ಟಿದ. ಏಳನೆಯ ದಿನ ಮಗುವಿನ ಹುಟ್ಟುಗೂದಲು ತೆಗೆಯುವ ಕ್ರಮ ಅವರಲ್ಲಿ ಉಂಟು. ಮಗುವಿನ ತಂದೆ ದುಬೈಯಲ್ಲಿದ್ದ. ಅವನು ಹುಟ್ಟಿದಾಗ ಅವನ ಕೂದಲು ತೆಗೆದದ್ದೂ ಅಣ್ಣನೇ. ಹಾಗಾಗಿ ಬ್ಯಾರಿಗಳು ಬೇರೆ ಯಾರನ್ನೂ ಯೋಚಿಸಲಿಲ್ಲ. ಸೋಮವಾರ ಸಂಜೆ ಅಣ್ಣ ತಾನೇ ಕತ್ತಿಗಳನ್ನು ಹಿಡಿದುಕೊಂಡು ಬಂದ. ಬಹಳ ದಿನಗಳ ಮೇಲೆ ಅವನ ಮುಖದಲ್ಲಿ ಗೆಲುವಿತ್ತು.

"ಗುಲಾಬಿ, ಇದನ್ನು ಚಂದ ಮಾಡಿ ಮಸೆ. ಬುಧವಾರ ಬ್ಯಾರಿಗಳ ಮೊಮ್ಮಗುವಿನ ತಲೆ ಉಂಟು. ಫೋನಿನಲ್ಲಿ ದುಬೈಗೂ ತೋರಿಸ್ತಾರಂತೆ."

ಏಳು ದಿನದ ಮಗುವಿನ ನೆತ್ತಿ ಹೇಗಿರುತ್ತದೆಂದು ಮಗುವನ್ನು ಎತ್ತಿಕೊಂಡವರಿಗೆಲ್ಲ ಗೊತ್ತು. ನಡುವೆ ಎಲುಬು ಕೂಡಿರುವುದಿಲ್ಲ, ಮೆತ್ತಗೆ ಮಿಡಿಯುತ್ತಿರುತ್ತದೆ. ನಾನು ಅಣ್ಣನ ಮುಖ ನೋಡಿದೆ, ಕೈ ನೋಡಿದೆ. ಹೇಳಿದರೆ ಅವನು ಒಪ್ಪುವುದಿಲ್ಲ ಎಂದು ಮೊದಲೇ ತಿಳಿದಿತ್ತು. ಬ್ಯಾರಿಗಳಿಗೆ ಹೇಳಿಬಿಡೋಣವೆಂದರೆ ನಾಳೆ ಸಂಜೆಯೊಳಗೆ ಇಡೀ ಪೇಟೆಗೆ ಗೊತ್ತಾಗುತ್ತದೆ, ಸಂಜೀವನ ಕೈ ಹೋಯಿತು ಎಂದು. ಆ ಕೈ ಬಿಟ್ಟರೆ ಅವನಲ್ಲಿ ಬೇರೇನೂ ಇರಲಿಲ್ಲ. ಆದರೆ ಮಗುವಿನ ತಲೆಗೆ ಆ ಕೈ ಹೋಗಲು ಬಿಡುವುದೂ ನನ್ನಿಂದಾಗದು.

ಮಂಗಳವಾರ ನಾನು ಕಲ್ಲನ್ನು ಒದ್ದೆ ಮಾಡಿ ಕೂತೆ. ಎಂದಿನಂತೆ ಕೆಸರೆಬ್ಬಿಸಿ, ತಿಳಿ ಮಾಡಿ, ಅಣ್ಣನ ಕತ್ತಿಗಳನ್ನು ಪೂರ್ತಿ ಮುಗಿಸಿದೆ. ಯಾಕೆ ಮುಗಿಸಿದೆನೋ ತಿಳಿಯದು, ಅರ್ಧ ಕೆಲಸ ಬಿಡುವ ಅಭ್ಯಾಸ ನನಗಿರಲಿಲ್ಲ. ಆಮೇಲೆ ಒಂದೊಂದನ್ನೇ ಎತ್ತಿ, ಬಾಯಿಯನ್ನು ಕಲ್ಲಿನ ಅಂಚಿಗೆ ನೇರವಾಗಿ ನಿಲ್ಲಿಸಿ ಎಳೆದೆ. ಹಿಡಿಯಿಂದ ತುದಿಯವರೆಗೆ ಎಳೆದೆ. ಕೇಳಲಾಗದ ಸದ್ದು ಬಂತು. ನಾನು ಮಾಡಿದ್ದನ್ನು ನಾನೇ ಕೊಂದ ಹಾಗಾಯಿತು, ಗಟ್ಟಿಯಾಗಿ ಅತ್ತೆ. ಮನೆಯಲ್ಲಿ ಬೇರೆ ಯಾರೂ ಇಲ್ಲದ್ದು ಒಳ್ಳೆಯದಾಯಿತು.

ಸಂಜೆ ಅಣ್ಣ ಬಂದ. ಕತ್ತಿ ಬಿಚ್ಚಿ ಹೆಬ್ಬೆರಳಿನ ಉಗುರಿಗೆ ತಾಗಿಸಿ ನೋಡಿದ. ಇನ್ನೊಂದನ್ನು ನೋಡಿದ. "ಇದೆಂತ ಮಾಡಿಟ್ಟದ್ದು ನೀನು? ಮೀನು ಕೊಯ್ಲಿಕ್ಕೂ ಆಗುದಿಲ್ಲ ಇದರಲ್ಲಿ!" ಎಂದು ಕೂಗಿದ.

"ನನ್ನ ಕೈ ನಿಲ್ಲುದಿಲ್ಲ ಅಣ್ಣ" ಎಂದೆ. "ಸುಮಾರು ಸಮಯ ಆಯ್ತು ಹೀಗೆ. ಹೇಳ್ಲಿಕ್ಕೆ ನಾಚಿಕೆಯಾಗಿ ಸುಮ್ಮನಿದ್ದೆ. ನಿನಗೆ ಕತ್ತಿ ಎಳೆಯುತ್ತಿದ್ದದ್ದು ಅದಕ್ಕೇ. ತಪ್ಪು ನಿನ್ನದಲ್ಲ, ನನ್ನದು."

ಹೇಳುತ್ತಾ ಬಲಗೈಯನ್ನು ಅವನ ಮುಂದೆ ಚಾಚಿದೆ. ಹೆಬ್ಬೆರಳನ್ನು ತೋರುಬೆರಳಿನ ಮೇಲೆ ಓಡಾಡಿಸಿದೆ, ಬೀಡಿ ಸುತ್ತುವ ಹಾಗೆ. ಅವನ ಕೈಯನ್ನು ಅಷ್ಟು ನೋಡಿದ್ದೆ, ಅದು ಕಷ್ಟವಾಗಲಿಲ್ಲ. ಅಣ್ಣ ನನ್ನ ಕೈಯನ್ನು ನೋಡುತ್ತಾ ನಿಂತ. ಸಿಟ್ಟು ಇಳಿಯಿತು. ತನ್ನ ಬಲಗೈಯನ್ನು ಲುಂಗಿಯ ಮಡಿಕೆಯೊಳಗೆ ಸೇರಿಸಿದ. ಅವನ ಕಣ್ಣಲ್ಲಿ ನೀರು ಬಂತು. ಅದು ನನಗಾಗಿಯೋ ತನಗಾಗಿಯೋ ನಾನು ತಿಳಿಯೆ.

"ಮೊದಲೇ ಹೇಳ್ಬಾರದಿತ್ತಾ ಮಾರಾಯ್ತಿ" ಎಂದಷ್ಟೇ ಹೇಳಿದ.

ಬುಧವಾರ ಬೆಳಿಗ್ಗೆ ಅವನು ಬ್ಯಾರಿಗಳ ಮನೆಗೆ ಹೋಗಿ, ತಂಗಿಯ ಕೈ ಹೋಗಿದೆ, ಅವಳು ಮಸೆಯದ ಕತ್ತಿಯನ್ನು ಮಗುವಿನ ತಲೆಗೆ ತಾಗಿಸಲಾರೆ ಎಂದು ಹೇಳಿದ. ಅವರು ಬೇರೆಯವರನ್ನು ಕರೆಸಿ ಹೊಸ ಬ್ಲೇಡಿನಲ್ಲಿ ಕೆಲಸ ಮುಗಿಸಿದರು. ಮಗುವಿಗೆ ಒಂದು ಗೀರೂ ಆಗಲಿಲ್ಲ. ಆ ಹುಡುಗ ಈಗ ಶಾಲೆಗೆ ಹೋಗುವುದನ್ನು ನೋಡುತ್ತೇನೆ, ದಟ್ಟ ಕೂದಲು. ಅಂಗಡಿಯನ್ನು ಅಣ್ಣ ಆಮೇಲೆ ತೆರೆಯಲಿಲ್ಲ. "ತಂಗಿಯ ಕೈಯೇ ಇಲ್ಲದ ಮೇಲೆ ನನ್ನದೆಂತ ಕೆಲಸ" ಎಂದು ಎಲ್ಲರಿಗೂ ಹೇಳಿದ. ಪೇಟೆಯವರು ಅವನನ್ನು ಹೊಗಳಿದರು, ಅಂಥ ಕೆಲಸಗಾರ ಕೈ ಚೆನ್ನಾಗಿರುವಾಗಲೇ ಬಿಟ್ಟನಲ್ಲ ಎಂದು.

ಇಲ್ಲಿಯವರೆಗೆ ನಾನು ಎಣಿಸಿದಂತೆಯೇ ಆಯಿತು. ಎಣಿಸದೇ ಇದ್ದದ್ದು ಅದರ ನಂತರದ ಸೋಮವಾರ. ಸಂಜೆ ಜಗಲಿಯಲ್ಲಿ ಕೂತು ಕಾದೆ, ಯಾವ ಕತ್ತಿಯೂ ಬರಲಿಲ್ಲ. ಕೈ ನಡುಗುವ ಹೆಂಗಸಿಗೆ ಕತ್ತಿ ಕೊಡುವವರು ಯಾರು? ಹಿರಿಯಡ್ಕದ ಒಬ್ಬರು ಮಾತ್ರ ಬಂದು, ಕತ್ತಿಯ ಬದಲು ಸ್ವಲ್ಪ ಬಾಳೆಹಣ್ಣು ಕೊಟ್ಟು, ರೋಗಿಯನ್ನು ನೋಡಿದ ಹಾಗೆ ನೋಡಿ ಹೋದರು. ಬೀಡಿಗೆ ಹೋಗೋಣವೆಂದರೆ ಅದಕ್ಕೂ ಬೆರಳು ಬೇಕು. ನೋಡಿದವರು ಕೇಳದೇ ಇರುತ್ತಾರೆಯೇ? ಅಣ್ಣನಿಗೆ ಅಂದು ಒಂದು ಮಾತು ಹೇಳಿ ನಾನು ನನ್ನ ಎರಡೂ ಕೈಗಳನ್ನು ಕಟ್ಟಿಕೊಂಡಿದ್ದೆ.

ಅಣ್ಣ ನನ್ನನ್ನು ಮಣಿಪಾಲಕ್ಕೆ ಡಾಕ್ಟರಲ್ಲಿಗೆ ಕರೆದುಕೊಂಡು ಹೋಗುವ ಹಟ ಹಿಡಿದ. ಎಷ್ಟು ಬೇಡವೆಂದರೂ ಕೇಳಲಿಲ್ಲ. ಡಾಕ್ಟರು ವಯಸ್ಸಾದವರು, ತಾಳ್ಮೆಯವರು. ಕೈ ಚಾಚಲು ಹೇಳಿದರು, ಮೂಗು ಮುಟ್ಟಲು ಹೇಳಿದರು, ಕಾಗದದ ಮೇಲೆ ಸುರುಳಿ ಬರೆಸಿದರು. ನಾನು ನಡುಗಿಸಲು ನೋಡಿದೆ. ಆದರೆ ಬರೆಯಲು ಕೂತಾಗ ಮನಸ್ಸು ಗೆರೆಯ ಕಡೆ ಹೋಗಿ ಕೈ ತನ್ನಷ್ಟಕ್ಕೇ ನಿಂತುಬಿಟ್ಟಿತು. ಸುರುಳಿ ಚೆನ್ನಾಗಿ ಬಂತು. ಡಾಕ್ಟರು ಅದನ್ನು ನೋಡಿ, ಆಮೇಲೆ ಮೇಜಿನ ಮೇಲಿದ್ದ ಅಣ್ಣನ ಕೈಯನ್ನು ನೋಡಿದರು.

"ಇವರಿಗೆ ಏನೂ ತೊಂದರೆ ಕಾಣುವುದಿಲ್ಲ. ನಿಮಗೆ ಇದು ಎಷ್ಟು ಸಮಯದಿಂದ ಉಂಟು?" ಎಂದು ಅಣ್ಣನನ್ನು ಕೇಳಿದರು.

"ನನಗೆ ಎಂತ ಇಲ್ಲ ಡಾಕ್ಟ್ರೇ. ಬಂದದ್ದು ಇವಳಿಗೆ" ಎಂದು ಅಣ್ಣ ಎದ್ದುಬಿಟ್ಟ.

ಊರಿನ ಬಸ್ಸು ಹತ್ತಿದೆವು. ಅವನಿಗೆ ಗೊತ್ತಾಗಿತ್ತು, ಅವನಿಗೆ ಗೊತ್ತಾದದ್ದು ನನಗೂ ಗೊತ್ತಾಗಿತ್ತು. ಈಗ ಹೇಳುತ್ತಾನೆ, "ಗುಲಾಬಿ, ನೀನು ಮಸೆ, ನನ್ನ ಕೈ ವಿಷಯ ನಾನೇ ಹೇಳಿಕೊಳ್ತೇನೆ" ಎನ್ನುತ್ತಾನೆ ಎಂದು ದಾರಿಯುದ್ದಕ್ಕೂ ಕಾದೆ. ಅತ್ತಿಗೆಗಾಗಿ ಅಪ್ಪನ ಎದುರು ನಿಂತವನಲ್ಲವೇ ಎಂಬ ಆಸೆ. ಕಾಪುವಿನಲ್ಲಿ ಬಸ್ಸಿಳಿದ ಕೂಡಲೇ ಹೂವಿನ ಅಂಗಡಿಯವರು, "ಎಂತ ಹೇಳಿದ್ರು ಡಾಕ್ಟ್ರು?" ಎಂದು ಕೇಳಿದರು.

"ಗುಣ ಆಗುದಿಲ್ಲ ಅಂತ ಹೇಳಿದ್ರು" ಎಂದ ಅಣ್ಣ. "ಪಾಪ, ಇವಳಿಗೆ."

ನಾನು ಅವನನ್ನು ಕ್ಷಮಿಸಿದೆನೇ? ಆ ಸುಳ್ಳನ್ನು ಅವನಿಗೆ ಕೊಟ್ಟದ್ದು ನಾನೇ. ಅವನು ಅದನ್ನು ಹಿಂದೆ ಕೊಡಬೇಕಿತ್ತೆಂದು ಎಣಿಸಿದ್ದು ಮಾತ್ರ ಇಷ್ಟು ವರ್ಷವಾದರೂ ಮನಸ್ಸಿನಿಂದ ಹೋಗಿಲ್ಲ. ಪ್ರಜ್ವಲ್, ಕತ್ತಿಯನ್ನು ನೋಡಿ ಯಾರದಾದರೂ ಕೈ ಕೆಟ್ಟದ್ದು ನಿನಗೆ ಕಂಡರೆ ನೇರವಾಗಿ ಹೇಳು. ಅವರು ಬೈಯಲಿ, ನಿನ್ನ ಮುಖ ನೋಡದಿರಲಿ. ನನ್ನ ಹಾಗೆ ಉಪಾಯ ಹುಡುಕಬೇಡ.

ಕೆಲವು ವರ್ಷಗಳಲ್ಲಿ ಅತ್ತಿಗೆ ತೀರಿಕೊಂಡಳು. ಅಷ್ಟರಲ್ಲಿ ಅಣ್ಣನ ಎರಡೂ ಕೈಗಳು ಹೋಗಿದ್ದವು, ನಡಿಗೆಯೂ ಕಷ್ಟವಾಗಿತ್ತು. ಮುಚ್ಚಿಡುವ ಕಾಲ ಮುಗಿದಿತ್ತು, ಆದರೂ ಅವನು ಅದಕ್ಕೊಂದು ದಾರಿ ಮಾಡಿಕೊಂಡಿದ್ದ. "ಇದು ನಮ್ಮ ಮನೆತನದ್ದು. ಗುಲಾಬಿಗೆ ಮೊದಲು ಬಂತು, ನನಗೆ ಅಂಗಡಿ ಬಿಟ್ಟ ಮೇಲೆ" ಎಂದು ಎಲ್ಲರಿಗೂ ಹೇಳುತ್ತಿದ್ದ. ನಾನು ಅವನನ್ನು ಅಪ್ಪನ ಮನೆಗೆ ಕರೆದುಕೊಂಡು ಬಂದೆ. ಸ್ನಾನ, ಊಟ ಎಲ್ಲ ನನ್ನ ಕೈಯಲ್ಲೇ. ನೋಡಲು ಬಂದವರು, "ಎರಡೂ ಜನಕ್ಕೆ ಹೀಗಾಗಬೇಕಾ" ಎಂದು ಮರುಗುತ್ತಿದ್ದರು. ಅವರ ಮುಂದೆ ನಾನು ಲೋಟ ಹಿಡಿದರೆ ಚೆಲ್ಲಬೇಕು, ಬಾಗಿಲ ಚಿಲಕ ಹಾಕಲು ತಡಕಾಡಬೇಕು. ಅದೂ ಒಂದು ಅಭ್ಯಾಸವಾಗಿಹೋಗಿತ್ತು.

ಅವನು ಹಾಸಿಗೆ ಹಿಡಿದ ಮೇಲೆ ಒಂದು ಮಧ್ಯಾಹ್ನ ಅಬ್ದುಲ್ಲ ಬ್ಯಾರಿಗಳು ಕೋಲೂರಿಕೊಂಡು ಬಂದರು. ನಾನು ಗಂಜಿ ಉಣಿಸುತ್ತಿದ್ದೆ. ಅವರು ಪಕ್ಕದ ಕುರ್ಚಿಯಲ್ಲಿ ಕೂತು ಹಳೆಯ ಮಾತುಗಳನ್ನಾಡಿದರು, ಈ ಪೇಟೆಯಲ್ಲಿ ಸಂಜೀವನ ಕೈಯಂಥ ಕೈ ಮತ್ತೆ ಬರಲಿಲ್ಲ ಎಂದರು. ನಾನು ಅವರೆದುರು ಚಮಚ ನಡುಗಿಸುತ್ತಾ, ಅರ್ಧ ಅಣ್ಣನ ಬಾಯಿಗೆ, ಅರ್ಧ ಗಲ್ಲಕ್ಕೆ ಹಾಕುತ್ತಾ ಕೂತಿದ್ದೆ. ಗಂಜಿ ಅವನ ಕುತ್ತಿಗೆಗೆ ಇಳಿಯುತ್ತಿತ್ತು. ಬ್ಯಾರಿಗಳು ನೋಡಲಾರದೆ ಮುಖ ತಿರುಗಿಸಿದರು, ಸ್ವಲ್ಪ ಹೊತ್ತಿಗೆ ಎದ್ದು ಹೊರಟರು. ಅವರ ಕೋಲಿನ ಸದ್ದು ಅಂಗಳ ದಾಟಿ ಗೇಟಿನ ಹತ್ತಿರ ಹೋಗುವವರೆಗೆ ಅಣ್ಣ ಬಾಯಿ ಮುಚ್ಚಿಕೊಂಡು ಕಾದ. ಆಮೇಲೆ ನನ್ನ ಕಡೆಗೆ ತಿರುಗಿದ. ಆಗ ಅವನ ಮಾತೂ ತೊದಲುತ್ತಿತ್ತು, ಆದರೂ ಅದು ನನಗೆ ಸರಿಯಾಗಿ ಕೇಳಿಸಿತು.

"ಹೋದ್ರು. ಇನ್ನು ಸರಿ ಕೊಡು."

ಎಂದು ಬಾಯಿ ತೆರೆದ. ನಾನು ಅವನ ಗಲ್ಲ ಒರೆಸಿ, ಬಟ್ಟಲಿನಲ್ಲಿ ಉಳಿದಿದ್ದ ಗಂಜಿಯನ್ನು ಒಂದು ಹನಿಯೂ ಚೆಲ್ಲದ ಹಾಗೆ ಉಣಿಸಿದೆ.